ಮೊದಲು ಕಿವಿ, ಆಮೇಲೆ ಟಿಕೆಟ್

ಸ್ಕೂಬಾ, ಅಂದರೆ ಬೆನ್ನಿನ ಸಿಲಿಂಡರ್ ಗಾಳಿ ಉಸಿರಾಡುತ್ತ ಸಮುದ್ರದೊಳಗೆ ಇಳಿಯುವುದು, ಅಂದಕೂಡಲೇ ಬಳ್ಳಾರಿ, ಕೊಪ್ಪಳ, ರಾಯಚೂರಿನ ಬಹಳ ಮಂದಿ ಮಾಲ್ದೀವ್ಸ್ ಪ್ಯಾಕೇಜ್ ಹುಡುಕುತ್ತಾರೆ. ಅಷ್ಟು ದುಡ್ಡು ಸುರಿದು ಹೋಗಿ, ಮೂರು ಮೀಟರ್ ಇಳಿಯುವಷ್ಟರಲ್ಲೇ ಕಿವಿನೋವೆಂದು ಮೇಲೆ ಬರುತ್ತಾರೆ. ಮೊದಲ ಡೈವ್ ನಮ್ಮ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದಲ್ಲೇ ಆಗಲಿ.

1. ಅಕ್ಟೋಬರ್‌ನಿಂದ ಮೇ ಒಳಗೆ ಹೋಗಿ. ಮಳೆಗಾಲದಲ್ಲಿ ಡೈವಿಂಗ್ ಬಂದ್. ಗದಗ, ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ ಮೇಲೆ ಮುರುಡೇಶ್ವರ. ಅಲ್ಲಿಂದ ದೋಣಿಯಲ್ಲಿ ಸುಮಾರು 19 ಕಿ.ಮೀ.

2. ಅಸ್ತಮಾ, ಹೃದಯದ ತೊಂದರೆ ಇದ್ದವರು ಬುಕ್ ಮಾಡುವ ಮೊದಲೇ ವೈದ್ಯರನ್ನು ಕೇಳಿ. ನೆಗಡಿ ಇದ್ದರೆ ದಿನ ಮುಂದೂಡಿ. ಮೂಗು ಬಿಡಿಸುವ ಮಾತ್ರೆ ನುಂಗಿ ಇಳಿಯಬೇಡಿ: ನೀರೊಳಗೆ ಅದರ ಪ್ರಭಾವ ಇಳಿದರೆ, ಮೇಲೆ ಬರುವಾಗ ಕಿವಿಯೊಳಗಿನ ಗಾಳಿಗೆ ದಾರಿ ಇರುವುದಿಲ್ಲ.

3. ಕಿವಿ ಬಿಡಿಸುವುದನ್ನು, ಅಂದರೆ ಕಿವಿಯ ಒಳಗಿನ ಒತ್ತಡವನ್ನು ಹೊರಗಿನದಕ್ಕೆ ಸರಿದೂಗಿಸುವುದನ್ನು, ಮನೆಯಲ್ಲೇ ಕಲಿಯಿರಿ. ಮೂಗು ಹಿಡಿದು, ಬಾಯಿ ಮುಚ್ಚಿ, ಮೆತ್ತಗೆ ಊದಿ. ಎರಡೂ ಕಿವಿಯಲ್ಲಿ ‘ಟಪ್’ ಅನ್ನಬೇಕು. ಒಂದೇ ಬಿಟ್ಟರೆ, ಕಟ್ಟಿದ ಕಿವಿ ಮೇಲಾಗುವಂತೆ ತಲೆ ವಾಲಿಸಿ ಮತ್ತೆ ಊದಿ. ಅದೂ ಆಗದಿದ್ದರೆ ಮೂಗು ಹಿಡಿದೇ ಉಗುಳು ನುಂಗಿ.

ಸಮುದ್ರದಲ್ಲಿ ಇದನ್ನು ನೀರಿನ ಮೇಲ್ಮಟ್ಟದಲ್ಲೇ ಶುರು ಮಾಡಿ. ಆಮೇಲೆ ಅರ್ಧ ಮೀಟರ್‌ಗೊಮ್ಮೆ, ನೋವು ಬರುವ ಮೊದಲೇ. ಹತ್ತು ಮೀಟರ್ ಇಳಿದರೆ ಒತ್ತಡ ದುಪ್ಪಟ್ಟು. ಆಮೇಲಿನ ಹತ್ತು ಮೀಟರ್‌ಗೆ ಅದು ಒಂದೂವರೆ ಪಟ್ಟು ಮಾತ್ರ. ಹಾಗಾಗಿ ಕಿವಿಗೆ ಹೆಚ್ಚು ಕೆಲಸ ಮೇಲಿನ ನೀರಿನಲ್ಲೇ. ನೋವಾದ ಮೇಲೆ ಜೋರಾಗಿ ಊದುವುದೇ ಎಲ್ಲರೂ ಮಾಡುವ ತಪ್ಪು. ಅಷ್ಟರಲ್ಲಿ ಕಿವಿಯ ಒಳನಾಳ ಒತ್ತಡಕ್ಕೆ ಮುಚ್ಚಿಕೊಂಡಿರುತ್ತದೆ. ಬಲವಂತ ಮಾಡಿದರೆ ಒಳಗಿವಿಗೇ ಪೆಟ್ಟು. ಅಂಗೈ ಅಲ್ಲಾಡಿಸಿ, ಕಿವಿ ತೋರಿಸಿ ತರಬೇತುದಾರರಿಗೆ ಸನ್ನೆ ಮಾಡಿ, ಒಂದು ಮೀಟರ್ ಮೇಲೆ ಬಂದು ಮತ್ತೆ ಪ್ರಯತ್ನಿಸಿ. ಹಗ್ಗ ಹಿಡಿದು ಕಾಲು ಕೆಳಗಾಗಿಯೇ ಇಳಿಯಿರಿ. ತಲೆ ಕೆಳಗಾದರೆ ಕಿವಿ ಬಿಡುವುದು ಕಷ್ಟ.

ಈಜುಕೊಳದ ಗಾಗಲ್ಸ್ ತರಬೇಡಿ, ಅದು ಮೂಗು ಮುಚ್ಚುವುದಿಲ್ಲ. ಇಯರ್‌ಪ್ಲಗ್ ಅಂತೂ ಬೇಡವೇ ಬೇಡ. ಒತ್ತಡಕ್ಕೆ ಕಿವಿಯೊಳಕ್ಕೆ ತೂರಿಕೊಳ್ಳುತ್ತದೆ. ದಪ್ಪ ಮೀಸೆಯವರ ಮಾಸ್ಕ್‌ಗೆ ನೀರು ನುಗ್ಗುತ್ತದೆ. ಮೂಗಿನ ಕೆಳಗೆ ಒಂದೆಳೆ ಜಾಗ ಬೋಳಿಸಿಕೊಂಡರೆ ಸಾಕು.

4. ಉಸಿರು ಕಟ್ಟಬೇಡಿ. ಮೇಲೇರುವಾಗ ಶ್ವಾಸಕೋಶದ ಗಾಳಿ ಹಿಗ್ಗುತ್ತದೆ.

5. ಡೈವ್ ಮುಗಿಸಿ ಅದೇ ಸಂಜೆ ಊರಿನ ದಾರಿ ಹಿಡಿಯಬೇಡಿ. ಹುಬ್ಬಳ್ಳಿ ಸಮುದ್ರಮಟ್ಟದಿಂದ 600 ಮೀಟರ್‌ಗಿಂತ ಎತ್ತರದಲ್ಲಿದೆ. ನೀರೊಳಗಿನ ಒತ್ತಡಕ್ಕೆ ಮೈಯಲ್ಲಿ ಕರಗಿ ಉಳಿದ ಸಾರಜನಕ, ಎತ್ತರಕ್ಕೆ ಹೋದರೆ ಗುಳ್ಳೆಯಾಗಬಹುದು; ಅದರ ಮಟ್ಟಿಗೆ ಘಟ್ಟ ಹತ್ತುವುದೂ ವಿಮಾನ ಹತ್ತಿದಂತೆಯೇ. ಒಂದು ಡೈವ್‌ಗೆ ಕನಿಷ್ಠ 12 ಗಂಟೆ ಕಾಯಿರಿ, ಡೈವ್ ಒಂದಕ್ಕಿಂತ ಹೆಚ್ಚಾಗಿದ್ದರೆ ಕನಿಷ್ಠ 18. ಆ ರಾತ್ರಿ ಮುರುಡೇಶ್ವರದಲ್ಲೇ ಉಳಿಯಿರಿ.

6. ಕಿವಿ ಸಲೀಸಾಗಿ ಬಿಟ್ಟಿತೋ, ಓಪನ್ ವಾಟರ್ ಕೋರ್ಸ್ (ಡೈವಿಂಗ್‌ನ ಮೊದಲ ಹಂತದ ತರಬೇತಿ) ಮಾಡಿ. 18 ಮೀಟರ್‌ವರೆಗೆ ಇಳಿಯಬಹುದು. ಅಂಡಮಾನಿನ ಸ್ವರಾಜ್ ದ್ವೀಪ ಅಥವಾ ಥಾಯ್ಲೆಂಡಿನ ಕೋ ಟಾವ್ ಕಲಿಯಲು ಒಳ್ಳೆಯದು. ಆಮೇಲೆ ಬಾಲಿಯ ತುಲಂಬೆನ್: ‘ಲಿಬರ್ಟಿ’ ಹಡಗು ದಂಡೆಯ ಪಕ್ಕದಲ್ಲೇ ಮುಳುಗಿದೆ, ದೋಣಿಯೇ ಬೇಕಿಲ್ಲ. ದಂಡೆಯ ತುಂಬ ಉರುಟುಕಲ್ಲು, ಗಟ್ಟಿ ಅಟ್ಟೆಯ ಬೂಟು ಒಯ್ಯಿರಿ. ಮಾಲ್ದೀವ್ಸ್ ಕೊನೆಗಿರಲಿ. ಅಲ್ಲಿ ದ್ವೀಪಸಾಲಿನ ನಡುವಿನ ಕಾಲುವೆಗಳಲ್ಲಿ ಸೆಳೆತ ಜೋರು. ಹೊಸಬರು ಹೋಗಿಯೇ ಹೋಗುತ್ತೇವೆಂದರೆ ಒಳಗಿನ ಲಗೂನಿನಲ್ಲಿ (ಹವಳದ ದಿಬ್ಬ ಸುತ್ತುವರಿದ ಶಾಂತ ನೀರಿನಲ್ಲಿ) ಇಳಿಸುವವರನ್ನೇ ಗೊತ್ತು ಮಾಡಿಕೊಳ್ಳಬೇಕು.