ಐಬಿಎಸ್ ಹೊಟ್ಟೆಗೆ ಊಟ ಹೊಂದಿಸುವುದು ಹೇಗೆ?

ದಾವಣಗೆರೆಯಲ್ಲಿ ಹೊಟ್ಟೆ ಸರಿ ಇಲ್ಲದವರಿಗೆ ಕಷ್ಟ ಜಾಸ್ತಿ. ಬೆಳಗಾದರೆ ಬೆಣ್ಣೆ ದೋಸೆ, ಸಂಜೆಯಾದರೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ನಮ್ಮ ಚಿಕ್ಕಪ್ಪನ ಮಗ ಎರಡು ವರ್ಷ ಇದ್ಯಾವುದನ್ನೂ ಮುಟ್ಟಲಿಲ್ಲ. ಡಾಕ್ಟರ್ ಐಬಿಎಸ್ (ಕರುಳಿನಲ್ಲಿ ಹುಣ್ಣು, ಗಾಯ ಏನೂ ಕಾಣದಿದ್ದರೂ ಹೊಟ್ಟೆ ನೋವು, ಭೇದಿ ಇಲ್ಲವೇ ಮಲಬದ್ಧತೆ ಮತ್ತೆ ಮತ್ತೆ ಬರುವ ತೊಂದರೆ) ಅಂದ ಮೇಲೆ ಯಾರೋ ಕೊಟ್ಟ ಜೆರಾಕ್ಸ್ ಪಟ್ಟಿ ಹಿಡಿದು ಒಂದೊಂದೇ ಬಿಡುತ್ತಾ ಬಂದ. ಕೊನೆಗೆ ಉಳಿದದ್ದು ಅನ್ನ, ತಿಳಿಸಾರು, ಬಾಳೆಹಣ್ಣು. ಹೊಟ್ಟೆ ಉಬ್ಬರ ಹೋಗಲಿಲ್ಲ, ಪ್ಯಾಂಟ್ ಮಾತ್ರ ಸಡಿಲವಾಯಿತು. ಬಿಟ್ಟದ್ದನ್ನು ಮತ್ತೆ ತಿನ್ನಲು ಶುರು ಮಾಡಬೇಕು ಅಂತ ಅವನಿಗೆ ಯಾರೂ ಹೇಳಿರಲೇ ಇಲ್ಲ.

ಮೊದಲು ಡಾಕ್ಟರ್. ಮಲದಲ್ಲಿ ರಕ್ತ, ತೂಕ ಇಳಿಯುವುದು, ನಿದ್ದೆಯಿಂದ ಎಬ್ಬಿಸುವ ಭೇದಿ, ರಕ್ತಹೀನತೆ, 50 ದಾಟಿದ ಮೇಲೆ ಶುರುವಾದ ತೊಂದರೆ: ಇವುಗಳಲ್ಲಿ ಒಂದಿದ್ದರೂ ಊಟ ಬದಲಿಸುತ್ತಾ ಕೂರಬೇಡಿ. ಇನ್ನೊಂದು, ಗೋಧಿ ಬಿಡುವ ಮೊದಲೇ ಸೀಲಿಯಾಕ್ (ಗೋಧಿಯ ಗ್ಲುಟೆನ್‌ನಿಂದ ಕರುಳು ಕೆಡುವ ಕಾಯಿಲೆ) ರಕ್ತಪರೀಕ್ಷೆ ಮಾಡಿಸಿ. ಬಿಟ್ಟ ಮೇಲೆ ಮಾಡಿಸಿದರೆ ಕಾಯಿಲೆ ಇದ್ದರೂ ಕಾಣದೆ ಹೋಗಬಹುದು.

ಎರಡನೆಯದು, ಬಿಡುವುದು. ಇದು ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯದವರು ರೂಪಿಸಿದ ಫಾಡ್‌ಮ್ಯಾಪ್ ಕ್ರಮ. ಫಾಡ್‌ಮ್ಯಾಪ್ ಅಂತ ಕರೆಯುವ ಕೆಲವು ಬಗೆಯ ಸಕ್ಕರೆಗಳನ್ನು ಸಣ್ಣ ಕರುಳು ಪೂರ್ತಿ ಹೀರಿಕೊಳ್ಳುವುದಿಲ್ಲ. ಅವು ನೀರು ಎಳೆದುಕೊಂಡು ದೊಡ್ಡ ಕರುಳಿಗೆ ಇಳಿದು, ಅಲ್ಲಿ ದೋಸೆ ಹಿಟ್ಟಿನ ಹಾಗೆ ಹುದುಗುತ್ತವೆ. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಕಾಳು, ಹಾಲು, ಮಾವು, ಜೇನು, ಹೂಕೋಸು, ಅಣಬೆ ನಿಲ್ಲಿಸಿ. ಅನ್ನ, ಜೋಳದ ರೊಟ್ಟಿ, ಬದನೆಕಾಯಿ, ಕ್ಯಾರೆಟ್, ಮೊಟ್ಟೆಗೆ ಅಡ್ಡಿ ಇಲ್ಲ. ಬೆಳ್ಳುಳ್ಳಿ ಹಾಕದ ಶೇಂಗಾ ಚಟ್ನಿಯೂ ಒಂದೆರಡು ಚಮಚ ನಡೆಯುತ್ತದೆ. ಇದೆಲ್ಲ 2ರಿಂದ 6 ವಾರ ಮಾತ್ರ. ಅಷ್ಟರಲ್ಲಿ ಏನೂ ವ್ಯತ್ಯಾಸ ಕಾಣದಿದ್ದರೆ ಈ ದಾರಿ ನಿಮ್ಮದಲ್ಲ. ಎಲ್ಲವನ್ನೂ ತಿನ್ನಲು ಶುರು ಮಾಡಿ, ಡಾಕ್ಟರ್ ಹತ್ತಿರ ಬೇರೆ ದಾರಿ ಕೇಳಿ.

ನಮ್ಮ ಹುಡುಗನ ಉಬ್ಬರ ಯಾಕೆ ಹೋಗಲಿಲ್ಲ ಅಂತ ಒಂದು ದಿನ ಅಡುಗೆಮನೆಯಲ್ಲಿ ನಿಂತು ನೋಡಿದೆ. ಚಿಕ್ಕಮ್ಮ ಸಾರು ಕುದಿಸಿ, ಬೆಳ್ಳುಳ್ಳಿ ಎಸಳನ್ನು ಸೌಟಿನಲ್ಲಿ ಹುಡುಕಿ ಎತ್ತಿಟ್ಟು, 'ತೆಗೆದಿದ್ದೀನಲ್ಲೋ, ಉಣ್ಣು' ಅಂತ ಬಡಿಸುತ್ತಿದ್ದರು. ಬೆಳ್ಳುಳ್ಳಿಯಲ್ಲಿರುವ ಫ್ರಕ್ಟಾನ್, ಅಂದರೆ ಆ ಫಾಡ್‌ಮ್ಯಾಪ್ ಸಕ್ಕರೆಗಳಲ್ಲೊಂದು, ನೀರಿನಲ್ಲಿ ಕರಗುತ್ತದೆ. ಎಸಳು ಹೋದರೂ ಅದು ಸಾರಿನಲ್ಲೇ ಇರುತ್ತದೆ. ಎಣ್ಣೆಯಲ್ಲಿ ಕರಗುವುದಿಲ್ಲ. ಹಾಗಾಗಿ ಒಗ್ಗರಣೆ ಎಣ್ಣೆಯಲ್ಲಿ ಎಸಳು ಕೆಂಪಗೆ ಹುರಿದು, ನೀರು, ತರಕಾರಿ ಬೀಳುವ ಮೊದಲೇ ತೆಗೆದುಬಿಡಿ. ಘಮ ಉಳಿಯುತ್ತದೆ. ಆ ಎಣ್ಣೆಯನ್ನು ಮಾಡಿಡಬೇಡಿ, ಕೆಡುತ್ತದೆ, ಆಗಾಗ ಮಾಡಿಕೊಳ್ಳಿ. ಅವನ ಬಾಳೆಹಣ್ಣೂ ಕಪ್ಪು ಚುಕ್ಕಿ ಬಂದದ್ದು. ಬಾಳೆ ಹಣ್ಣಾದಷ್ಟೂ ಫ್ರಕ್ಟಾನ್ ಜಾಸ್ತಿ, ಗಟ್ಟಿ ಹಣ್ಣೇ ವಾಸಿ.

ಅಂಗಡಿ ಮಾಲಿನ ಬಗ್ಗೆ ಒಂದು ಮಾತು. ಪುಡಿ ಇಂಗಿನಲ್ಲಿ ಎಷ್ಟೋ ಸಲ ಮೈದಾ ಇರುತ್ತದೆ, ಡಬ್ಬಿ ಓದಿ. ಡೈಜೆಸ್ಟಿವ್ ಬಿಸ್ಕತ್ತು ಅಂದರೆ ಗೋಧಿಯೇ. ಶುಗರ್‌ಫ್ರೀ ಚೂಯಿಂಗ್ ಗಮ್‌ನಲ್ಲಿ ಎಷ್ಟೋ ಸಲ ಸಾರ್ಬಿಟಾಲ್ ಎಂಬ ಸಿಹಿ ಪದಾರ್ಥ ಇರುತ್ತದೆ, ಅದೂ ಪಟ್ಟಿಯಲ್ಲಿ ಬಿಡಬೇಕಾದದ್ದೇ. ಹೊಟ್ಟೆ ಸಾಫ್ ಮಾಡುವ ಚೂರ್ಣಗಳಲ್ಲಿ ಬಹಳಷ್ಟು ಸೋನಾಮುಖಿ ಸೊಪ್ಪಿನವು, ದಿನಾ ತಿನ್ನುವಂಥದ್ದಲ್ಲ. ನನ್ನ ಓಟು ಇಸಬ್‌ಗೋಲಿಗೆ: ಒಂದು ಚಮಚ, ದೊಡ್ಡ ಲೋಟ ನೀರು.

ಮೂರನೆಯದು, ಮತ್ತೆ ತರುವುದು. ಎಲ್ಲರೂ ಎಡವುವುದು ಇಲ್ಲೇ. ಹೊಟ್ಟೆ ಹಗುರವಾದ ಖುಷಿಗೆ ಸೀದಾ ಹೋಗಿ ಒಂದು ಪ್ಲೇಟ್ ಖಾರ ಮಂಡಕ್ಕಿ, ಎರಡು ಮೆಣಸಿನಕಾಯಿ ತಿಂದು ಬರುತ್ತಾರೆ. ರಾತ್ರಿ ನುಲಿಯುತ್ತದೆ. ಯಾರನ್ನು ಹಿಡಿಯುತ್ತೀರಿ? ಈರುಳ್ಳಿಯನ್ನೋ, ಪುಟಾಣಿಯನ್ನೋ, ಕಡ್ಲೆ ಹಿಟ್ಟನ್ನೋ, ಕರಿದ ಎಣ್ಣೆಯನ್ನೋ? ಖಾರ ಫಾಡ್‌ಮ್ಯಾಪ್ ಅಲ್ಲ, ಆದರೂ ಕರುಳನ್ನು ಕೆಣಕುತ್ತದೆ. ಪಾಪದ ಮಂಡಕ್ಕಿ ಬರೀ ಅಕ್ಕಿ, ಬೈಗುಳ ಮಾತ್ರ ಅದಕ್ಕೆ.

ಒಂದು ಸಲಕ್ಕೆ ಒಂದೇ ಪದಾರ್ಥ, ಮೂರು ದಿನ. ಹಾಲಾದರೆ ಮೊದಲ ದಿನ ಕಾಲು ಲೋಟ, ಆಮೇಲೆ ಅರ್ಧ, ಆಮೇಲೆ ಒಂದು. ಬೆಳ್ಳುಳ್ಳಿಯಾದರೆ ಕಾಲು ಎಸಳು, ಅರ್ಧ, ಒಂದು. ಹಾಲನ್ನು ಹಾಲಾಗಿಯೇ ಕುಡಿಯಿರಿ, ಗೋಧಿ ಪಾಯಸದಲ್ಲಿ ಅಲ್ಲ. ನಡುವೆ ತೊಂದರೆ ಬಂದರೆ ಅಲ್ಲಿಗೇ ನಿಲ್ಲಿಸಿ. ಆಮೇಲೆ ಮೂರು ದಿನ ಬಿಡುವು, ಹೊಟ್ಟೆ ತಣ್ಣಗಾದ ಮೇಲೆ ಮುಂದಿನದು. ಉಳಿದ ಊಟ ಎರಡನೇ ಹಂತದ್ದೇ ಇರಲಿ. ಹಾಲು ಪಾಸಾಯಿತು ಅಂತ ಮರುದಿನದಿಂದಲೇ ಕುಡಿಯಬೇಡಿ, ಪರೀಕ್ಷೆ ಎಲ್ಲ ಮುಗಿಯಲಿ. ಒಂದರ ಮೇಲೊಂದು ಸೇರಿದರೆ ಲೆಕ್ಕ ಸಿಗುವುದಿಲ್ಲ.

ಹಾಲಿನ ತೊಂದರೆ ಒಂದೆರಡು ಗಂಟೆಯಲ್ಲೇ ಗೊತ್ತಾಗಬಹುದು. ಈರುಳ್ಳಿ, ಗೋಧಿಯದು ಮರುದಿನವೂ ಬರಬಹುದು. ಅದಕ್ಕೇ ಒಂದು ನೋಟ್‌ಬುಕ್ ಇಡಿ: ಏನು, ಎಷ್ಟು, ಎಷ್ಟು ಗಂಟೆಗೆ, ಹೊಟ್ಟೆ ಹೇಗಿತ್ತು. ನಿದ್ದೆಗೆಟ್ಟದ್ದು, ಜಗಳವಾಡಿದ್ದು, ಮುಟ್ಟಿನ ದಿನ ಕೂಡ ಬರೆಯಿರಿ, ಅವೂ ಕರುಳಿಗೆ ತಾಗುತ್ತವೆ. ಮನೆಯಲ್ಲಿ ಮದುವೆ ಇದ್ದರೆ, ದುಗ್ಗಮ್ಮನ ಜಾತ್ರೆ ಬಂದರೆ ಆ ವಾರ ಶುರು ಮಾಡಲೇಬೇಡಿ.

ಬೆಣ್ಣೆ ದೋಸೆ ಕೊನೆಗಿರಲಿ. ಬೆಣ್ಣೆಯಲ್ಲಿ ಹಾಲಿನ ಸಕ್ಕರೆ ಇಲ್ಲವೆನ್ನುವಷ್ಟು ಕಡಿಮೆ, ಆದರೆ ಜಿಡ್ಡು ಜಾಸ್ತಿಯಾದರೆ ಕರುಳು ಎದ್ದು ಕೂರುತ್ತದೆ. ಪಲ್ಯದಲ್ಲಿ ಈರುಳ್ಳಿ ಬೇರೆ. ಮೊದಲು ಪಲ್ಯ ಬಿಟ್ಟು ಒಂದೇ ದೋಸೆ, 'ಬೆಣ್ಣೆ ಕಡಿಮೆ ಹಾಕ್ರೀ' ಅಂತ ಹೇಳಿ. ಭಟ್ಟರು ಒಂಥರಾ ನೋಡುತ್ತಾರೆ, ನೋಡಲಿ.

ಕೊನೆಯದು. ಪಾಸಾದದ್ದು ತಟ್ಟೆಗೆ, ಫೇಲಾದದ್ದು ಹೊಟ್ಟೆ ತಡೆಯುವಷ್ಟು ಮಾತ್ರ, ಕೆಲವು ತಿಂಗಳ ಮೇಲೆ ಇನ್ನೊಂದು ಸಲ ಪರೀಕ್ಷೆ.

ನಮ್ಮ ಹುಡುಗನನ್ನು ತೂಕದ ವಿಷಯಕ್ಕೆ ಮೊದಲು ಡಾಕ್ಟರ್ ಹತ್ತಿರ ಕಳಿಸಿದೆವು. ಪರೀಕ್ಷೆಯಲ್ಲಿ ಬೇರೇನೂ ಸಿಗಲಿಲ್ಲ. ಈಗ ಹಾಲು ಒಂದು ಲೋಟ ಪಾಸು. ಬೆಳ್ಳುಳ್ಳಿ ಕಾಲು ಎಸಳು ಪಾಸು, ಅರ್ಧಕ್ಕೆ ಫೇಲು. ಸೋಮವಾರದಿಂದ ಈರುಳ್ಳಿ.