ಅಡತಿ ಅಂಗಡಿಯ ತಂತ್ರಾಂಶಕ್ಕೆ ನಾನು ಪಿಆರ್‌ಡಿ ಬರೆಯುವ ಕ್ರಮ

ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಯಲ್ಲಿ ರೈತರ ಮಾಲನ್ನು ಕಮಿಷನ್ ಮೇಲೆ ಮಾರಿಸಿಕೊಡುವ ಅಡತಿ ಅಂಗಡಿಗಳಿಗೆ ಬಿಲ್ಲಿಂಗ್ ತಂತ್ರಾಂಶ ರೂಪಿಸುವ ಸಣ್ಣ ತಂಡವೊಂದರಲ್ಲಿ ನಾನು ಪ್ರಾಡಕ್ಟ್ ಮ್ಯಾನೇಜರ್. ಕೋಡ್ ಬರೆಯುವವರು ಬೆಂಗಳೂರು, ಹೈದರಾಬಾದುಗಳಲ್ಲಿದ್ದಾರೆ. ಅವರಲ್ಲಿ ಹೆಚ್ಚಿನವರು ತೊಗರಿಯನ್ನು ಬೇಳೆಯಾದ ಮೇಲೆಯೇ ಕಂಡವರು. ಆದ್ದರಿಂದ ತೂಕ, ಹಮಾಲಿ, ರೈತನ ಕೈಗೆ ಕೊಡುವ ಪಟ್ಟಿ (ಮಾರಾಟದ ಲೆಕ್ಕದ ಚೀಟಿ) ಇವುಗಳ ಬಗ್ಗೆ ಅವರಿಗೆ ತಿಳಿಯಬೇಕಾದದ್ದೆಲ್ಲ ನಾನು ಬರೆಯುವ ಪ್ರಾಡಕ್ಟ್ ರಿಕ್ವೈರ್‌ಮೆಂಟ್ಸ್ ಡಾಕ್ಯುಮೆಂಟಿನಲ್ಲಿಯೇ, ಅಂದರೆ ತಂತ್ರಾಂಶ ಏನೇನು ಮಾಡಬೇಕೆಂದು ಹೇಳುವ ಪಿಆರ್‌ಡಿಯಲ್ಲಿಯೇ, ಸಿಗಬೇಕು.

ಮೊದಲ ಅರ್ಧ ಪುಟದಲ್ಲಿ ಯಾರಿಗೆ ಏನು ಅಡಚಣೆಯಾಗಿದೆ ಎಂಬುದನ್ನಷ್ಟೇ ಹೇಳುತ್ತೇನೆ. ಚಳಿಗಾಲದಲ್ಲಿ ತೊಗರಿಯ ಆವಕ ಒಮ್ಮೆಲೇ ಏರಿದಾಗ ಪಟ್ಟಿ ಸಿದ್ಧವಾಗುವುದು ತಡವಾಗುತ್ತದೆ, ಪಟ್ಟಿ ಕೈಗೆ ಬರದೆ ರೈತ ಊರಿಗೆ ಹೊರಡಲಾರ. ಪರದೆ ಹೇಗಿರಬೇಕು, ಗುಂಡಿ ಎಲ್ಲಿರಬೇಕು ಎಂಬ ಮಾತನ್ನು ಇಲ್ಲಿ ತರುವುದಿಲ್ಲ. ಅದು ವಿನ್ಯಾಸಕರ ಕೆಲಸ.

ನನ್ನ ಹೆಚ್ಚಿನ ಸಮಯ ಹೋಗುವುದು ಬಿಡಿಸಿದ ಲೆಕ್ಕಗಳನ್ನು ಬರೆಯುವುದರಲ್ಲಿ. ‘ನಿವ್ವಳ ತೂಕದ ಮೇಲೆ ಮೊತ್ತ ಲೆಕ್ಕಹಾಕಬೇಕು’ ಎಂಬ ವಾಕ್ಯ ಸರಿಯಾಗಿಯೇ ಇದೆ, ಆದರೆ ಅದನ್ನು ಓದಿದ ಇಬ್ಬರು ಎಂಜಿನಿಯರುಗಳು ಎರಡು ಬಗೆಯ ಪಟ್ಟಿಗಳನ್ನು ಮುದ್ರಿಸಬಹುದು. ಅದರ ಕೆಳಗೆ ನಾನು ಹೀಗೆ ಬರೆಯುತ್ತೇನೆ: 10 ಚೀಲ, ಒಟ್ಟು ತೂಕ 514.4 ಕಿಲೊ, ಖಾಲಿ ಚೀಲಕ್ಕೆ ತಲಾ 700 ಗ್ರಾಂ ಕಳೆದರೆ ನಿವ್ವಳ 507.4 ಕಿಲೊ, ಕ್ವಿಂಟಲಿಗೆ 7,250 ರೂಪಾಯಿ ದರದಲ್ಲಿ ಮೊತ್ತ 36,786.50 ರೂಪಾಯಿ. ಪಟ್ಟಿಯಲ್ಲಿ ಪೈಸೆ ಇರುವುದಿಲ್ಲವಾದ್ದರಿಂದ ಆ ಐವತ್ತು ಪೈಸೆ ಎತ್ತ ಹೋಗಬೇಕೆಂಬುದೂ ನಿರ್ಧಾರವಾಗಬೇಕು. ಅಂಗಡಿಯ ಲೆಕ್ಕ ಬರೆಯುವ ಮುನೀಮರು 36,787 ಎಂದು ಬರೆಯುತ್ತಾರೆ, ಆದರೆ ಕೋಡ್ ಬರೆಯುವ ಪೈಥಾನ್ 3 ಭಾಷೆಯಲ್ಲಿ ಸಂಖ್ಯೆಯನ್ನು ಪೂರ್ಣಾಂಕಕ್ಕೆ ತರುವ ರೌಂಡ್ ಫಂಕ್ಷನ್ ಅರ್ಧ ಬಂದಾಗ ಹತ್ತಿರದ ಸಮಸಂಖ್ಯೆಗೆ ವಾಲುವುದರಿಂದ 36,786 ಎನ್ನುತ್ತದೆ. ಒಂದು ರೂಪಾಯಿ ದೊಡ್ಡದಲ್ಲ ಎಂದು ಎಂಜಿನಿಯರಿಗೆ ಅನ್ನಿಸೀತು. ಕೈಬರಹದ ಲೆಕ್ಕದ ಬಹಿ ಪುಸ್ತಕಕ್ಕೂ ಗಣಕಕ್ಕೂ ತಾಳೆಯಾಗದಿದ್ದರೆ ಅಂಗಡಿಯವರು ನಂಬುವುದು ಬಹಿಯನ್ನೇ. ಆದಕಾರಣ ಅರ್ಧವನ್ನು ಮೇಲಕ್ಕೇ ಏರಿಸಬೇಕು, ಅದನ್ನೂ ಕೊನೆಯ ಮೊತ್ತದಲ್ಲಿ ಒಂದೇ ಸಲ ಮಾಡಬೇಕು ಎಂದು ನಿಯಮವನ್ನೂ ಉತ್ತರವನ್ನೂ ಒಟ್ಟಿಗೆ ಕೊಡುತ್ತೇನೆ. ಇದೇ ಲೆಕ್ಕ ಮುಂದೆ ಪರೀಕ್ಷಕರ ಟೆಸ್ಟ್ ಕೇಸ್ ಆಗುತ್ತದೆ.

ವಾಕ್ಯದ ರಚನೆಗೆ ಇಯರ್ಸ್ (ಈಸಿ ಅಪ್ರೋಚ್ ಟು ರಿಕ್ವೈರ್‌ಮೆಂಟ್ಸ್ ಸಿಂಟ್ಯಾಕ್ಸ್) ಎಂಬ ಪದ್ಧತಿಯನ್ನು ಅನುಸರಿಸುತ್ತೇನೆ. ಇದು ರೋಲ್ಸ್ ರಾಯ್ಸ್ ಕಂಪನಿಯಲ್ಲಿ ಅಲಿಸ್ಟೇರ್ ಮ್ಯಾವಿನ್ ಮತ್ತು ಸಂಗಡಿಗರು ರೂಪಿಸಿ 2009ರಲ್ಲಿ ಪ್ರಕಟಿಸಿದ್ದು. ಯಾವ ಸ್ಥಿತಿಯಲ್ಲಿ, ಏನು ನಡೆದಾಗ, ವ್ಯವಸ್ಥೆ ಏನು ಮಾಡತಕ್ಕದ್ದು ಎಂಬ ಅನುಕ್ರಮ ಅದರದು. ಕನ್ನಡದಲ್ಲಿ ಕ್ರಿಯಾಪದ ಹೇಗೂ ಕೊನೆಗೇ ಬರುವುದರಿಂದ ಈ ಅನುಕ್ರಮದಲ್ಲಿ ಬರೆಯಲು ಶ್ರಮವೆನಿಸದು. ‘ನೆಟ್‌ವರ್ಕ್ ಇಲ್ಲದಿರುವಾಗ, ಬಳಕೆದಾರರು ತೂಕವನ್ನು ಉಳಿಸಿದರೆ, ಆ್ಯಪ್ ಅದನ್ನು ಫೋನಿನಲ್ಲಿಯೇ ಇರಿಸಿಕೊಂಡು, ಸಂಪರ್ಕ ಮರಳಿದ ಮೇಲೆ ಒಂದೇ ಬಾರಿ ಕಳುಹಿಸತಕ್ಕದ್ದು’ ಎಂಬಲ್ಲಿ ‘ಒಂದೇ ಬಾರಿ’ ಎಂಬುದಿಲ್ಲದಿದ್ದರೆ ಒಂದೇ ಚೀಲ ಎರಡು ಸಲ ದಾಖಲಾಗಬಹುದು. ‘ಬೇಗ’, ‘ಸುಲಭವಾಗಿ’ ಎಂಬ ಮಾತುಗಳು ಕರಡಿನಲ್ಲಿ ಕಂಡಲ್ಲೆಲ್ಲ ಸೆಕೆಂಡಿನ ಮಿತಿಯನ್ನೋ ಒತ್ತಬೇಕಾದ ಗುಂಡಿಗಳ ಸಂಖ್ಯೆಯನ್ನೋ ಹಾಕುತ್ತೇನೆ; ಹಾಕಲಾಗದಿದ್ದರೆ ಆ ಸಾಲನ್ನೇ ತೆಗೆಯುತ್ತೇನೆ.

ಈ ಆವೃತ್ತಿಯಲ್ಲಿ ಏನೇನಿಲ್ಲ ಎಂಬ ಭಾಗವನ್ನು ಕಾರಣಸಹಿತ ಬರೆಯುವುದು ನನ್ನ ಹಟವೆಂದೇ ಹೇಳಬಹುದು. ಬೆಂಬಲ ಬೆಲೆಯ ಖರೀದಿಯನ್ನು ನಾವು ಕೈಬಿಟ್ಟೆವು, ಏಕೆಂದರೆ ಅಲ್ಲಿ ರೈತರ ನೋಂದಣಿ, ತೇವಾಂಶ ಶೇ. 12ನ್ನು ಮೀರಬಾರದೆಂಬಂತಹ ಗುಣಮಟ್ಟದ ಷರತ್ತು, ಹಣ ಪಾವತಿಯ ದಾರಿ ಎಲ್ಲವೂ ಬೇರೆ. ಕಾರಣ ಬರೆದಿಡದಿದ್ದರೆ ಮಾರಾಟ ವಿಭಾಗದವರು ಅದೇ ಬೇಡಿಕೆಯನ್ನು ಮತ್ತೆ ಮತ್ತೆ ತರುತ್ತಾರೆ.

ಕರಡು ಮುಗಿದ ಮೇಲೆ ನಾನು ವಿವರಿಸುವುದಿಲ್ಲ. ಎಂಜಿನಿಯರೊಬ್ಬರು ಅದನ್ನು ಓದಿ ತಮ್ಮ ಮಾತಿನಲ್ಲಿ ನನಗೆ ಹೇಳುತ್ತಾರೆ. ಲೆಕ್ಕದ ಪುಟಗಳನ್ನು ಮಾತ್ರ ಮುದ್ರಿಸಿ ಮುನೀಮರ ಮುಂದಿಡುತ್ತೇನೆ. ಅವರು ಪೆನ್ನಿನಿಂದ ಗುರುತು ಹಾಕಿದ ಕಡೆ ನಿಯಮ ತಿದ್ದಿ, ದಿನಾಂಕ, ಕಾರಣಗಳನ್ನು ಬದಲಾವಣೆಯ ಪಟ್ಟಿಗೆ ಸೇರಿಸಿದ ಬಳಿಕವೇ ಕೋಡಿಂಗ್‌ಗೆ ಒಪ್ಪಿಗೆ ಕೊಡುತ್ತೇನೆ.