ಪುಟ್ಟ ಸ್ಪೀಕರ್, ಗಟ್ಟಿ ಗೋಡೆ: ಬುಕ್‌ಶೆಲ್ಫ್ ಸ್ಪೀಕರ್‌ಗಳನ್ನು ಮನೆಯಲ್ಲಿ ಕೂರಿಸುವ ಕ್ರಮ

ಹೊಸ ಸ್ಪೀಕರ್ ಜೋಡಿಯನ್ನು ಟಿವಿ ಸ್ಟ್ಯಾಂಡಿನ ಎರಡು ತುದಿಗೆ, ಗೋಡೆಗೆ ಒತ್ತಿ ಇಟ್ಟು ಹಾಡು ಹಚ್ಚಿದ ಕೂಡಲೇ "ಅಂಗಡಿಯಲ್ಲಿ ಹೀಗೆ ಕೇಳಿಸಲಿಲ್ಲವಲ್ಲ" ಅನ್ನಿಸಿದರೆ ಸ್ಪೀಕರನ್ನು ಬೈಯಬೇಡಿ. ಬಹುಪಾಲು ತಪ್ಪು ಇಟ್ಟ ಜಾಗದ್ದು. ನಮ್ಮ ಮನೆಗಳಲ್ಲಿ ಗೋಡೆ ಇಟ್ಟಿಗೆ ಅಥವಾ ಸಾಲಿಡ್ ಬ್ಲಾಕು, ನೆಲ ಟೈಲ್ಸು ಅಥವಾ ಗ್ರಾನೈಟು, ತಲೆ ಮೇಲೆ ಕಾಂಕ್ರೀಟು. ಮರದ ಚೌಕಟ್ಟಿಗೆ ಜಿಪ್ಸಮ್ ಬೋರ್ಡ್ ಹೊಡೆದ ವಿದೇಶಿ ಮನೆಗಳಲ್ಲಿ ಬೇಸ್, ಅಂದರೆ ತಗ್ಗಿನ ಸ್ವರಗಳು, ಒಂದಷ್ಟು ಗೋಡೆಯ ಮೂಲಕ ಸೋರಿಹೋಗುತ್ತದೆ. ನಮ್ಮಲ್ಲಿ ಸೋರುವುದಿಲ್ಲ, ಒಳಗೇ ಸುತ್ತುತ್ತದೆ. ಹಾಗಾಗಿ ಡಬ್ಬದ ಜೊತೆ ಬಂದ ಪುಸ್ತಿಕೆಯ ಅಳತೆಗಳನ್ನು ಮೊದಲ ಅಂದಾಜಿಗಷ್ಟೇ ಇಟ್ಟುಕೊಳ್ಳಿ.

ಇಲ್ಲಿ ಹೇಳುವುದೆಲ್ಲ 4ರಿಂದ 6.5 ಇಂಚಿನ ವೂಫರ್ (ತಗ್ಗಿನ ಸ್ವರ ಹೊರಡಿಸುವ ದೊಡ್ಡ ಕೋನು), 1 ಇಂಚಿನ ಟ್ವೀಟರ್ (ಮೇಲಿನ ಸ್ವರದ ಪುಟ್ಟದು) ಇರುವ ಪ್ಯಾಸಿವ್ ಸ್ಪೀಕರ್‌ಗಳ ಬಗ್ಗೆ. ಆಂಪ್ಲಿಫೈಯರ್ ಒಳಗೇ ಇರುವ ಆ್ಯಕ್ಟಿವ್ ಸ್ಪೀಕರ್ ನಿಮ್ಮದಾಗಿದ್ದರೆ ವೈರು, ಆಂಪ್ಲಿಫೈಯರ್ ವಿಷಯ ಬಿಟ್ಟು ಉಳಿದದ್ದನ್ನು ಓದಿಕೊಳ್ಳಿ.

ಮೊದಲು ಕೋಣೆಯ ಲೆಕ್ಕ

ಒಂದು ಅಳತೆ ಟೇಪು, ಮಾಸ್ಕಿಂಗ್ ಟೇಪು, ಕ್ಯಾಲ್ಕುಲೇಟರ್ ಸಾಕು. ಎದುರುಬದುರು ಗೋಡೆಗಳ ನಡುವಿನ ದೂರವನ್ನು ಮೀಟರಿನಲ್ಲಿ ಅಳೆದು ಎರಡರಿಂದ ಗುಣಿಸಿ, ಬಂದ ಸಂಖ್ಯೆಯಿಂದ 345ನ್ನು ಭಾಗಿಸಿ. 345 ಅಂದರೆ ಶಬ್ದ ಸೆಕೆಂಡಿಗೆ ಸಾಗುವ ಮೀಟರ್, ಸರಿಸುಮಾರು. 10×12 ಅಡಿ ಕೋಣೆಯಲ್ಲಿ 12 ಅಡಿ ಅಂದರೆ 3.66 ಮೀಟರ್, ಉತ್ತರ 47 ಹರ್ಟ್ಸ್. 10 ಅಡಿ ಅಂದರೆ 3.05 ಮೀಟರ್, ಉತ್ತರ 57 ಹರ್ಟ್ಸ್. ಈ ಎರಡು ಸ್ವರಗಳನ್ನು ಕೋಣೆ ತಾನೇ ಉಬ್ಬಿಸುತ್ತದೆ. ಎತ್ತರವೂ 10 ಅಡಿಯೇ ಆಗಿದ್ದರೆ 57 ಹರ್ಟ್ಸ್ ಎರಡು ದಿಕ್ಕಿನಿಂದ ಉಬ್ಬುತ್ತದೆ. 10×10 ಬೆಡ್‌ರೂಮಾದರೆ ಮೂರೂ ದಿಕ್ಕಿನಿಂದ. ಬೇಸ್ ಗಿಟಾರಿನ ಎ ತಂತಿ 55 ಹರ್ಟ್ಸ್. ಆ ಸ್ವರ ಬಂದಾಗಲೆಲ್ಲ ಕೋಣೆ ಗುಂಯ್ ಅನ್ನುತ್ತದೆ, ಅಕ್ಕಪಕ್ಕದ ಸ್ವರಗಳು ಸಪ್ಪೆ ಹೊಡೆಯುತ್ತವೆ. ಬೇರೆ ಕೋಣೆ ಆರಿಸಿಕೊಳ್ಳುವ ಅವಕಾಶ ಇದ್ದರೆ ಮೂರು ಅಳತೆಯೂ ಬೇರೆಬೇರೆ ಇರುವುದನ್ನೇ ಆರಿಸಿ.

ಉದ್ದ ಕೋಣೆಯಾದರೆ ಸ್ಪೀಕರ್‌ಗಳನ್ನು ಕಿರಿದಾದ ಗೋಡೆಯ ಕಡೆ ಇಟ್ಟು ಉದ್ದಕ್ಕೆ ಮುಖ ಮಾಡಿಸಿ. ಒಂದು ಸ್ಪೀಕರ್ ಮೂಲೆಯಲ್ಲಿ, ಇನ್ನೊಂದು ತೆರೆದ ಬಾಗಿಲ ಪಕ್ಕ ಇದ್ದರೆ ಎಡಬಲ ಎಂದೂ ಹೊಂದುವುದಿಲ್ಲ.

ಜಾಗ ಹುಡುಕುವುದು

ಎರಡು ಟ್ವೀಟರ್‌ಗಳ ನಡುವೆ 180 ಸೆಂ.ಮೀ. ಬಿಡಿ. ಕೂರುವ ಜಾಗವನ್ನೂ ಪ್ರತಿ ಸ್ಪೀಕರಿನಿಂದ ಅಷ್ಟೇ ದೂರಕ್ಕೆ, ಇಲ್ಲವೇ 20 ಸೆಂ.ಮೀ. ಹೆಚ್ಚಿಗೆ ಗುರುತಿಸಿ. ತಲೆ ಹಿಂದಿನ ಗೋಡೆಗೆ ತಾಗುವಂತೆ ಕೂತರೆ ಬೇಸ್ ಅತಿಯಾಗುತ್ತದೆ, ಕೋಣೆಯ ನಟ್ಟನಡುವೆ ಕೂತರೆ ಮಾಯವಾಗುತ್ತದೆ. 12 ಅಡಿ ಉದ್ದದಲ್ಲಿ ಬೆನ್ನ ಹಿಂದಿನ ಗೋಡೆಯಿಂದ ನಾಲ್ಕು, ನಾಲ್ಕೂವರೆ ಅಡಿ ಮುಂದೆ ಬಂದರೆ ಒಳ್ಳೆಯದು. ಅಷ್ಟು ಜಾಗ ಸಿಗದಿದ್ದರೆ ಎರಡು ಅಡಿಯಾದರೂ ಬನ್ನಿ.

ಇನ್ನು ಸ್ಪೀಕರಿನ ಹಿಂದಿನ ಗೋಡೆ. ಅಲ್ಲಿಗೆ ಹೋಗಿ ಪುಟಿದು ಬಂದ ಶಬ್ದ, ನೇರ ಹೊರಟ ಶಬ್ದದ ಜೊತೆ ತಾಳ ತಪ್ಪಿ ಸೇರಿದಾಗ ಸ್ವರಗಳ ಒಂದು ಪಟ್ಟಿ ಅಳಿಸಿಹೋಗಿ ಅಲ್ಲೊಂದು ಕುಳಿ ಬೀಳುತ್ತದೆ. ಯಾವ ಪಟ್ಟಿ ಅಂತ ತಿಳಿಯಲು ವೂಫರಿನಿಂದ ಗೋಡೆಗಿರುವ ದೂರವನ್ನು ನಾಲ್ಕರಿಂದ ಗುಣಿಸಿ, ಅದರಿಂದ 345ನ್ನು ಭಾಗಿಸಿ. 60 ಸೆಂ.ಮೀ. (0.6 ಮೀಟರ್) ಇಟ್ಟರೆ ಉತ್ತರ 144 ಹರ್ಟ್ಸ್. ಕರ್ನಾಟಕ ಸಂಗೀತದ ಗಂಡು ಗಾಯಕರ ಷಡ್ಜ ಸಾಮಾನ್ಯವಾಗಿ 130ರಿಂದ 150 ಹರ್ಟ್ಸ್ ನಡುವೆ ಬೀಳುತ್ತದೆ! ಇಡೀ ಕಛೇರಿ ನಿಂತಿರುವುದೇ ಆ ಸ್ವರದ ಮೇಲೆ. ಅದರ ಬುಡವೇ ಕುಂದಿದರೆ ದನಿ ತೆಳ್ಳಗಾಗಿ, ಗಂಟಲಿನಿಂದ ಮಾತ್ರ ಹಾಡಿದಂತೆ ಕೇಳಿಸುತ್ತದೆ. ಅದೇ ಸ್ಪೀಕರನ್ನು 45 ಸೆಂ.ಮೀ.ಗೆ ಹಿಂದೆ ತಳ್ಳಿದರೆ ಕುಳಿ 192 ಹರ್ಟ್ಸ್‌ಗೆ ಸರಿಯುತ್ತದೆ, 80 ಸೆಂ.ಮೀ.ಗೆ ತಂದರೆ 108ಕ್ಕೆ ಇಳಿಯುತ್ತದೆ. ಎಲ್ಲೋ ಒಂದು ಕಡೆ ಕುಳಿ ಬಿದ್ದೇ ಬೀಳುತ್ತದೆ. ನೀವು ಹೆಚ್ಚಾಗಿ ಕೇಳುವ ಸಂಗೀತಕ್ಕೆ ಎಲ್ಲಿ ಬಿದ್ದರೆ ನಷ್ಟ ಕಡಿಮೆ ಅನ್ನುವುದೇ ಪ್ರಶ್ನೆ. ಪಕ್ಕದ ಗೋಡೆಗೂ ಹಿಂದಿನ ಗೋಡೆಗೂ ಒಂದೇ ದೂರ ಇಡಬೇಡಿ, ಎರಡು ಕುಳಿ ಒಂದೇ ಕಡೆ ಸೇರಿ ಆಳವಾಗುತ್ತವೆ.

ಹಿಂಬದಿಯಲ್ಲಿ ಪೋರ್ಟ್, ಅಂದರೆ ಗಾಳಿ ಹೋಗುವ ಕೊಳವೆ ಇದ್ದರೆ ಗೋಡೆಗೂ ಡಬ್ಬಕ್ಕೂ ನಡುವೆ 20 ಸೆಂ.ಮೀ.ಗಿಂತ ಕಡಿಮೆ ಆಗಬಾರದು. ಬೇರೆ ದಾರಿಯಿಲ್ಲದೆ ಹತ್ತಿರ ಇಡಬೇಕಾದರೆ ಸುರುಳಿ ಸುತ್ತಿದ ಹತ್ತಿಯ ಕಾಲುಚೀಲವೊಂದನ್ನು ಕೊಳವೆಗೆ ಸಿಕ್ಕಿಸಿ. ಬೇಸ್ ಇಳಿಯುತ್ತದೆ, ಗುಂಯ್‌ಗುಟ್ಟುವುದೂ ತಗ್ಗುತ್ತದೆ. ಒಳಕ್ಕೆ ಜಾರದಂತೆ ತುದಿ ಹೊರಗಿರಲಿ.

ಈಗ ಎರಡೂ ಸ್ಪೀಕರನ್ನು ಮೊದಲು ಕೇಳುಗನ ತಲೆಯ ಕಡೆ ನೇರ ತಿರುಗಿಸಿ, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಹೊರಕ್ಕೆ ಬಿಚ್ಚಿ. ಒಬ್ಬರೇ ಹಾಡುವ, ಪಕ್ಕವಾದ್ಯ ಕಡಿಮೆ ಇರುವ ರೆಕಾರ್ಡಿಂಗ್ ಹಚ್ಚಿ. ಹಾಡುವವರು ನಡುವೆ ಒಂದೇ ಬಿಂದುವಿನಲ್ಲಿ ನಿಲ್ಲಬೇಕು, ಮೃದಂಗದ ತೊಪ್ಪಿಯ (ತಗ್ಗು ದನಿಯ ಮುಖದ) ಹೊಡೆತ ಬಿದ್ದು ತಟ್ಟನೆ ನಿಲ್ಲಬೇಕು, ತಂಬೂರಿಯ ಜೀವಾಳಿಯ ಝೇಂಕಾರ ಹಿಂದೆ ಸಣ್ಣಗೆ ಹೊಳೆಯುತ್ತಿರಬೇಕು. ತೊಪ್ಪಿ ನಿಂತ ಮೇಲೂ ಕೋಣೆ ಗೊಣಗುತ್ತಿದ್ದರೆ 5 ಸೆಂ.ಮೀ. ಮುಂದೆ ತನ್ನಿ, ಮತ್ತೆ ಕೇಳಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಸರಿಹೋದ ಜಾಗವನ್ನು ನೆಲದ ಮೇಲೆ ಮಾಸ್ಕಿಂಗ್ ಟೇಪಿನಿಂದ ಗುರುತಿಸಿ. ನೆಲ ಒರೆಸುವವರು ಸರಿಸಿದರೂ ವಾಪಸು ತರಬಹುದು.

ಎತ್ತರ

ಟ್ವೀಟರ್ ಕಿವಿಯ ಮಟ್ಟದಲ್ಲಿರಬೇಕು. ಟ್ವೀಟರಿನ ಸೂಕ್ಷ್ಮ ಸ್ವರಗಳು ನೇರ ಗೆರೆಯಲ್ಲೇ ಚೆನ್ನಾಗಿ ಸಾಗುವುದರಿಂದ ಮೊಣಕಾಲ ಮಟ್ಟದಲ್ಲಿಟ್ಟ ಸ್ಪೀಕರ್ ಮಂಕಾಗಿ ಕೇಳಿಸುತ್ತದೆ. ಕುರ್ಚಿಯಲ್ಲಿ ಕೂತವರ ಕಿವಿ ಸಾಮಾನ್ಯವಾಗಿ 95ರಿಂದ 105 ಸೆಂ.ಮೀ. ಎತ್ತರದಲ್ಲಿರುತ್ತದೆ. ಅದರಲ್ಲಿ ಡಬ್ಬದ ತಳದಿಂದ ಟ್ವೀಟರಿನವರೆಗಿನ ಎತ್ತರ ಕಳೆದರೆ ಸ್ಟ್ಯಾಂಡಿನ ಅಳತೆ ಸಿಕ್ಕಿತು. ಆ ಅಳತೆ ಕೊಟ್ಟರೆ ಗ್ರಿಲ್ ಕೆಲಸದವರು ಚೌಕ ಪೈಪಿನಲ್ಲಿ ಮಾಡಿಕೊಡುತ್ತಾರೆ. ಪೈಪಿನೊಳಗೆ ಒಣ ಮರಳು ತುಂಬಿಸಿ, ಇಲ್ಲದಿದ್ದರೆ ಗಂಟೆಯಂತೆ ಕುಣಿಯುತ್ತದೆ.

ಚಾಪೆ ಹಾಸಿ ನೆಲದಲ್ಲೇ ಕೂತು ಕೇಳುವವರಿಗೆ ಅಂಗಡಿಯ ಸ್ಟ್ಯಾಂಡ್ ತೀರಾ ಎತ್ತರ. ಅವರ ಕಿವಿ 75 ಸೆಂ.ಮೀ. ಆಸುಪಾಸು. ಇದಕ್ಕೆ ಸೊಗಸಾದ, ಸೋವಿ ಉಪಾಯ ಮನೆ ಕಟ್ಟುವ 16×8×6 ಇಂಚಿನ ಸಾಲಿಡ್ ಬ್ಲಾಕು. ಉದ್ದಕ್ಕೆ ನಿಲ್ಲಿಸಿದರೆ 40 ಸೆಂ.ಮೀ. ಎತ್ತರ, ತೂಕ ಸುಮಾರು 25 ಕೆ.ಜಿ., ಅಲ್ಲಾಡುವ ಮಾತೇ ಇಲ್ಲ. ಸಿಮೆಂಟ್ ಪುಡಿ ಉದುರದಂತೆ ಬಣ್ಣ ಬಳಿಯಿರಿ, ಅಡಿಗೆ ಹಳೆ ಯೋಗ ಮ್ಯಾಟಿನ ತುಂಡು ಹಾಕಿ, ಮೇಲೆ 2 ಸೆಂ.ಮೀ. ದಪ್ಪದ ಗ್ರಾನೈಟ್ ತುಂಡು ಇಡಿ. ಅಡುಗೆ ಕಟ್ಟೆಗೆ ಕತ್ತರಿಸಿ ಉಳಿದ ಚೂರು ಗ್ರಾನೈಟ್ ಅಂಗಡಿಯಲ್ಲಿ ಸಿಗುತ್ತದೆ. ಅದರ ಮೇಲೆ ಸ್ಪೀಕರ್ ಕೂತಾಗ ಟ್ವೀಟರ್ 64 ಸೆಂ.ಮೀ.ಗೆ ಬರುತ್ತದೆ ಅಂದುಕೊಳ್ಳಿ. ಉಳಿದ 11 ಸೆಂ.ಮೀ. ತುಂಬಲು ಸ್ಪೀಕರಿನ ಮುಂಭಾಗದ ಅಡಿಗೆ ಸುಮಾರು ಒಂದೂಕಾಲು ಸೆಂ.ಮೀ. ರಬ್ಬರ್ ಕೊಟ್ಟು ಹಿಂದಕ್ಕೆ ವಾಲಿಸಿದರೆ ಎರಡು ಮೀಟರ್ ದೂರದಲ್ಲಿ ಕಿವಿಗೆ ನೇರ ಗುರಿಯಾಗುತ್ತದೆ.

ನೆಲ, ಗೋಡೆ

ಕೋಣೆಯಲ್ಲಿ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಟ್ರರ್ ಅಂತ ಲೋಹದ ಸದ್ದು ಬಾಲದಂತೆ ಹಿಂಬಾಲಿಸಿದರೆ ಬರೀ ಗೋಡೆಗಳು ಒಂದಕ್ಕೊಂದು ಎಸೆದಾಡುತ್ತಿವೆ. ಸ್ಪೀಕರಿಗೂ ನಿಮಗೂ ನಡುವಿನ ನೆಲಕ್ಕೆ ಜಮಖಾನ ಹಾಸಿ. ನವಲಗುಂದದ ಜಮಖಾನ ಚಂದವೇ, ಆದರೆ ತೆಳುವಾದ್ದರಿಂದ ತೀರಾ ಮೇಲಿನ ಸ್ವರಗಳನ್ನಷ್ಟೇ ಹೀರುತ್ತದೆ. ಅಡಿಗೆ ತೆಳು ಹತ್ತಿಯ ಹಾಸಿಗೆ ಹಾಕಿದರೆ ನಿಜವಾದ ವ್ಯತ್ಯಾಸ. ಪಕ್ಕದ ಗೋಡೆಗೆ, ನೀವು ಕೂತಿರುವಾಗ ಇನ್ನೊಬ್ಬರು ಕನ್ನಡಿ ಹಿಡಿದು ಜಾರಿಸುತ್ತ ಹೋಗಲಿ. ಎಲ್ಲಿ ಸ್ಪೀಕರ್ ಕಾಣಿಸಿತೋ ಅಲ್ಲೇ ದಪ್ಪ ಪರದೆ ಅಥವಾ ಪುಸ್ತಕದ ಕಪಾಟು ಬೇಕು. ಮೊಟ್ಟೆ ಟ್ರೇ ಅಂಟಿಸುವ ಸಾಹಸ ಬೇಡ, ಬೇಸ್ ಮೇಲೆ ಅದರಿಂದ ಏನೂ ಪರಿಣಾಮ ಆಗದು.

ಆಂಪ್ಲಿಫೈಯರ್, ವೈರು

86 ಡೆಸಿಬೆಲ್ ಸೆನ್ಸಿಟಿವಿಟಿಯ ಸ್ಪೀಕರ್ ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 86 ಡೆಸಿಬೆಲ್ ಕೊಡುತ್ತದೆ. ಮನೆಯಲ್ಲಿ ಅದು ಜೋರೇ. ಚಾನಲಿಗೆ ನಿಜವಾದ 25ರಿಂದ 50 ವ್ಯಾಟ್ ಆರ್‌ಎಂಎಸ್ (ಬಿಡದೆ ಕೊಡಬಲ್ಲ ಶಕ್ತಿ) ಇದ್ದರೆ ಧಾರಾಳ. ಪಿಎಂಪಿಒ (ಜಾಹೀರಾತಿಗೆಂದು ಉಬ್ಬಿಸಿದ ವ್ಯಾಟ್ ಲೆಕ್ಕ) ಅಂತ ಬರೆದ ಸಾವಿರಗಳನ್ನು ಓದಲೇಬೇಡಿ. ಟಿಪಿಎ3116 ಚಿಪ್ಪಿನ ಪುಟ್ಟ ಕ್ಲಾಸ್-ಡಿ ಆಂಪ್ಲಿಫೈಯರ್ ಕೊಳ್ಳುವವರು ಅಡಾಪ್ಟರ್ ನೋಡಿ: 12 ವೋಲ್ಟಿನದಾದರೆ 8 ಓಮ್ ಸ್ಪೀಕರಿಗೆ ಶುದ್ಧವಾಗಿ 9 ವ್ಯಾಟ್ ಮೀರಿ ಬರುವುದಿಲ್ಲ, 24 ವೋಲ್ಟಿನದಾದರೆ 30ರ ಹತ್ತಿರ. ಇಂಥವುಗಳಲ್ಲಿ ಎಡಬಲದ ಮೈನಸ್ ತಂತಿಗಳನ್ನು ಒಟ್ಟಿಗೆ ಸೇರಿಸಿದರೆ ಚಿಪ್ ಸುಟ್ಟುಹೋಗಬಹುದು. ಸಣ್ಣ ಆಂಪ್ಲಿಫೈಯರನ್ನು ಕಿರುಚುವಷ್ಟು ತಿರುಗಿಸಿದರೂ ಅಪಾಯ, ಮೊದಲು ಸಾಯುವುದು ಟ್ವೀಟರ್.

ವೈರಿಗೆ ಎಲೆಕ್ಟ್ರಿಕಲ್ ಅಂಗಡಿಯ 1.5 ಚದರ ಮಿ.ಮೀ. ತಾಮ್ರದ ಟ್ವಿನ್ ಫ್ಲೆಕ್ಸಿಬಲ್ ಸಾಕು. ಐದು ಮೀಟರ್ ಎಳೆದರೂ ಹೋಗಿಬರುವ ದಾರಿಗೆ 0.13 ಓಮ್ ಅಷ್ಟೇ. ತಾಮ್ರದ ತೆಳು ಲೇಪನದ ಅಲ್ಯೂಮಿನಿಯಂ ವೈರು ಕೊಡುವವರೂ ಇದ್ದಾರೆ, ತುದಿ ಚಾಕುವಿನಿಂದ ಕೆರೆದು ನೋಡಿ: ಒಳಗೆ ಬೆಳ್ಳಗಿದ್ದರೆ ವಾಪಸು ಕೊಡಿ. ಆಂಪ್ಲಿಫೈಯರ್ ಆಫ್ ಮಾಡಿ, ವೈರಿನ ತುದಿ 10 ಮಿ.ಮೀ. ಸುಲಿದು, ಎಳೆಗಳನ್ನು ಬಿಗಿಯಾಗಿ ತಿರುಚಿ ಸಿಕ್ಕಿಸಿ. ಒಂದು ಎಳೆ ಪಕ್ಕದ ಟರ್ಮಿನಲ್‌ಗೆ ತಾಗಿದರೂ ಶಾರ್ಟ್.

ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಒಂದು ಸ್ಪೀಕರಿಗೆ ಮಾತ್ರ ಅದಲುಬದಲಾದರೆ ಬೇಸ್ ಕಾಣೆಯಾಗುತ್ತದೆ, ಹಾಡುವವರ ದನಿ ನಡುವೆ ನಿಲ್ಲದೆ ಕೋಣೆಯಲ್ಲೆಲ್ಲ ತೇಲುತ್ತದೆ. ಅನುಮಾನ ಬಂದರೆ ವೈರನ್ನು ಆಂಪ್ಲಿಫೈಯರಿನಿಂದ ಬಿಚ್ಚಿ, 1.5 ವೋಲ್ಟಿನ ಪೆನ್ ಸೆಲ್ಲಿಗೆ ಕ್ಷಣಮಾತ್ರ ತಾಗಿಸಿ. ಸೆಲ್ಲಿನ ಪ್ಲಸ್ ಕೆಂಪಿಗೆ ಹೋದಾಗ ಎರಡೂ ವೂಫರ್‌ಗಳು ಹೊರಕ್ಕೆ ನೆಗೆಯಬೇಕು.

ಕಾಡುವ ತೊಂದರೆಗಳು

ಟಿವಿಯಿಂದ ಆಪ್ಟಿಕಲ್ ಕೇಬಲ್ ಹಾಕಿಯೂ ಸದ್ದಿಲ್ಲವೇ? ಟಿವಿ ಬಹುಶಃ ಡಾಲ್ಬಿ ರೂಪದಲ್ಲಿ ಕಳಿಸುತ್ತಿದೆ, ಸೆಟ್ಟಿಂಗ್ಸ್‌ನಲ್ಲಿ ಪಿಸಿಎಂ (ಸಾದಾ ಡಿಜಿಟಲ್ ರೂಪ) ಮಾಡಿ. ಸದಾ ಹಮ್ ಅನ್ನುತ್ತಿದ್ದರೆ ಲ್ಯಾಪ್‌ಟಾಪಿನ ಚಾರ್ಜರ್, ಸೆಟ್‌ಟಾಪ್ ಬಾಕ್ಸಿನ ಕೇಬಲ್ ಒಂದೊಂದಾಗಿ ಕಿತ್ತು ನೋಡಿ. ಕಿತ್ತಾಗ ನಿಂತರೆ ಅದು ಗ್ರೌಂಡ್ ಲೂಪ್, ಅಂದರೆ ಉಪಕರಣಗಳ ಅರ್ಥ್ ದಾರಿಗಳು ಸುತ್ತು ಹಾಕಿಕೊಂಡಿರುವುದು: ಎಲ್ಲವನ್ನೂ ಒಂದೇ ಸ್ಪೈಕ್ ಬೋರ್ಡಿಗೆ ಹಾಕಿ, ಅದಕ್ಕೂ ಬಗ್ಗದಿದ್ದರೆ ಗ್ರೌಂಡ್ ಲೂಪ್ ಐಸೊಲೇಟರ್ ಕೊಳ್ಳಿ. ಅರ್ಥ್ ಪಿನ್ ಮುರಿಯುವ ಉಪಾಯ ಯಾರು ಹೇಳಿದರೂ ಕೇಳಬೇಡಿ, ಪ್ರಾಣಕ್ಕೇ ಸಂಚಕಾರ. ಕರೆಂಟು ಹೋದಾಗ ಮಾತ್ರ ಗುರ್ ಅಂದರೆ ಇನ್ವರ್ಟರ್ ಸ್ಕ್ವೇರ್ ವೇವ್‌ನದು. ಪರಿಹಾರ ಸೈನ್ ವೇವ್ ಇನ್ವರ್ಟರ್ ಒಂದೇ.

ನೂರು ಗಂಟೆ ಓಡಿಸಿದರೆ ದನಿ ಬಿಚ್ಚಿಕೊಳ್ಳುತ್ತದೆ ಅನ್ನುವವರಿದ್ದಾರೆ. ಆ ಭರವಸೆಯಲ್ಲಿ ರಿಟರ್ನ್ ಅವಧಿ ಕಳೆದುಕೊಳ್ಳಬೇಡಿ.

ಮಲೆನಾಡು, ಕರಾವಳಿಯಲ್ಲಿ ಕೋನಿನ ಸುತ್ತ ಫೋಮ್ ಅಂಚಿರುವ ಹಳೆ ಸ್ಪೀಕರ್ ಕೊಳ್ಳುವ ಮುನ್ನ ಅಂಚನ್ನು ಬೆರಳಿನಿಂದ ಹಗುರಾಗಿ ಒತ್ತಿ ನೋಡಿ, ಪುಡಿಯಾದರೆ ಬಿಡಿ. ರಬ್ಬರ್ ಅಂಚು ಹೆಚ್ಚು ಬಾಳುತ್ತದೆ. ಮಳೆಗಾಲದಲ್ಲಿ ನೀರು ಜಿನುಗುವ ಗೋಡೆಯಿಂದ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಡಬ್ಬವನ್ನು ದೂರವಿಡಿ, ಗುಡುಗು ಶುರುವಾದರೆ ಪ್ಲಗ್ ಜೊತೆ ಟಿವಿ ಕೇಬಲನ್ನೂ ಕೀಳಿ. ಊರಿಗೆ ಹೋಗುವಾಗ ಪೋರ್ಟಿನ ಬಾಯಿಗೆ ಸೊಳ್ಳೆ ಪರದೆಯ ತುಂಡು ಕಟ್ಟಿ, ಹಲ್ಲಿ ಒಳಹೊಕ್ಕು ಮೊಟ್ಟೆ ಇಡದಿರಲಿ.